ಹಳೆ ಕಾರಿನ ಹೆಡ್‌ಲೈಟ್ ರಿಫ್ಲೆಕ್ಟರ್ ಮಂಕಾಗಿದೆಯಾ? ಕರಾವಳಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಹಳೆ ಪದ್ಮಿನಿ, ಅಂಬಾಸಿಡರ್, ಮಾರುತಿ 800, ಜೀಪು ಇಟ್ಟುಕೊಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ. ಮೇ ತಿಂಗಳು ಮುಗಿಯುತ್ತಾ ಬಂದ ಹಾಗೆ ಅವರೆಲ್ಲರ ದೂರು ಒಂದೇ: ರಾತ್ರಿ ರಸ್ತೆ ಕಾಣುವುದಿಲ್ಲ. ಜಡಿಮಳೆ, ಒದ್ದೆ ಡಾಂಬರು, ಎದುರಿಂದ ಬರುವ ಬಸ್ಸಿನ ಲೈಟು. ನಮ್ಮ ಗಾಡಿಯ ಬೆಳಕು ಮಾತ್ರ ಹಳದಿಯಾಗಿ ಬಾನೆಟ್ ಮುಂದೆಯೇ ಮುಗಿದುಹೋಗುತ್ತದೆ. ಹೊಸ ಬಲ್ಬ್ ಹಾಕಿದರೂ ಪ್ರಯೋಜನ ಇಲ್ಲ ಅಂತಾದ ಮೇಲೆ ರಿಫ್ಲೆಕ್ಟರ್ ನೆನಪಾಗುತ್ತದೆ.

ರಿಫ್ಲೆಕ್ಟರ್ ಅಂದರೆ ಯಾವುದು? ಅದು ಹಾಳಾಗುವುದು ಹೇಗೆ?

ಬಲ್ಬಿನ ಹಿಂದೆ ಕನ್ನಡಿಯಂತೆ ಹೊಳೆಯುವ ಬಟ್ಟಲು ಇರುತ್ತದಲ್ಲ, ಅದೇ ರಿಫ್ಲೆಕ್ಟರ್. ಅಂಗಡಿಯಲ್ಲಿ ಗಾಜು, ರಿಫ್ಲೆಕ್ಟರ್ ಎಲ್ಲ ಸೇರಿಸಿ ಡೂಮ್ ಅನ್ನುತ್ತಾರೆ. ಹಳೆ ಗಾಡಿಗಳಲ್ಲಿ ಈ ಬಟ್ಟಲು ಉಕ್ಕಿನ ತಗಡಿನದ್ದು, ಆಮೇಲಿನವುಗಳಲ್ಲಿ ಶಾಖ ತಡೆಯುವ ಪ್ಲಾಸ್ಟಿಕ್‌ನದ್ದು. ಹೊಳಪು ಮಾತ್ರ ತಗಡಿನದ್ದೂ ಅಲ್ಲ, ಪ್ಲಾಸ್ಟಿಕ್‌ನದ್ದೂ ಅಲ್ಲ. ಬಟ್ಟಲಿನ ಮೇಲೆ ಒಂದು ಪದರ ಲ್ಯಾಕರ್ (ವಾರ್ನಿಶ್‌ನಂಥ ನುಣುಪು ಲೇಪ), ಅದರ ಮೇಲೆ ಅಲ್ಯೂಮಿನಿಯಂ. ಈ ಅಲ್ಯೂಮಿನಿಯಂ ಪದರದ ದಪ್ಪ ಸುಮಾರು 0.1 ಮೈಕ್ರಾನ್. ತಲೆಕೂದಲೇ 70 ಮೈಕ್ರಾನ್ ಆಸುಪಾಸು ಇರುತ್ತದೆ, ಲೆಕ್ಕ ಹಾಕಿ ನೋಡಿ.

ಹಾಳಾಗುವುದು ಸಾಮಾನ್ಯವಾಗಿ ಎರಡು ಕಡೆಯಿಂದ. ಬಲ್ಬಿನ ಬಿಸಿ ಮೇಲಕ್ಕೆ ಏರುವುದರಿಂದ ಬಟ್ಟಲಿನ ಮೇಲ್ಭಾಗ ಕಂದಾಗಿ ಸುಡುತ್ತದೆ. ಒಳಗೆ ಹೋದ ನೀರು ತಳದಲ್ಲಿ ನಿಲ್ಲುವುದರಿಂದ ಕೆಳಭಾಗ ತುಕ್ಕು ಹಿಡಿದು ಲೇಪ ಹಪ್ಪಳದ ಹಾಗೆ ಏಳುತ್ತದೆ. ಘಟ್ಟದ ಮೇಲಿನ ಗಾಡಿಗಳಲ್ಲಿ ಸುಟ್ಟದ್ದೇ ಜಾಸ್ತಿ ಕಾಣುತ್ತದೆ. ನಮ್ಮಲ್ಲಿ ಎರಡೂ ಉಂಟು. ಪಣಂಬೂರು, ಮಲ್ಪೆ, ಮರವಂತೆ ಅಂತ ಕಡಲ ಬದಿಯಲ್ಲೇ ಓಡಾಡುವ ಗಾಡಿಯಾದರೆ ಉಪ್ಪುಗಾಳಿಯ ಕಾಟ ಬೇರೆ.

ಬೆಳಕು ಕಮ್ಮಿ ಆಗಿದೆ. ರಿಫ್ಲೆಕ್ಟರೇ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಇದೇ ಮುಖ್ಯ ಪ್ರಶ್ನೆ. ರಿಫ್ಲೆಕ್ಟರ್ ಹೋಗಿದೆ ಅಂತ ಬರುವ ಗಾಡಿಗಳಲ್ಲಿ ಎಷ್ಟೋ ಸಲ ತೊಂದರೆ ವೈರಿಂಗ್‌ನದ್ದು. ಅದನ್ನು ನೋಡದೆ ಡೂಮ್‌ಗೆ ದುಡ್ಡು ಹಾಕಬೇಡಿ.

ಮೊದಲು ಹೊರಗಿನ ಗಾಜು. ಪದ್ಮಿನಿ, ಅಂಬಾಸಿಡರ್, ಹಳೆ 800 ಇವುಗಳದ್ದು ನಿಜವಾದ ಗಾಜು. ಅದು ಹಳದಿ ಆಗುವುದಿಲ್ಲ, ತೊಳೆದರೆ ಆಯಿತು. ಆಮೇಲಿನ ಕಾರುಗಳದ್ದು ಪಾಲಿಕಾರ್ಬೊನೇಟ್ ಅನ್ನುವ ಪ್ಲಾಸ್ಟಿಕ್, ಬಿಸಿಲಿಗೆ ಹಳದಿಯಾಗಿ ಮಂಜು ಕವಿದಂತಾಗುತ್ತದೆ. ಅದಕ್ಕೆ ಮದ್ದು ವಾಟರ್ ಪೇಪರ್‌ನಲ್ಲಿ (ಒದ್ದೆ ಮಾಡಿ ಬಳಸುವ ಉಜ್ಜುಕಾಗದ) ಉಜ್ಜುವುದು: 800 ನಂಬರಿನ ಕಾಗದದಿಂದ ಶುರು ಮಾಡಿ 1000, 1500, 2000ದವರೆಗೆ ಹೋಗಿ, ಪಾಲಿಶ್ ಮಾಡಿ, ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಬೇಕು. ಕ್ಲಿಯರ್ ಕೋಟ್ ಬಿಟ್ಟರೆ ಮುಂದಿನ ಬೇಸಿಗೆಗೆ ಮತ್ತೆ ಹಳದಿ.

ಆಮೇಲೆ ವೋಲ್ಟೇಜ್. ಎಂಜಿನ್ ಚಾಲೂ ಇರಲಿ, ಲೈಟ್ ಹಾಕಿರಲಿ. ಮಲ್ಟಿಮೀಟರ್‌ನಲ್ಲಿ ಬ್ಯಾಟರಿಯ ಎರಡು ತುದಿ ಅಳೆಯಿರಿ. ಆಮೇಲೆ ಬಲ್ಬಿನ ಹಿಂದಿನ ಕಪ್ಲರ್‌ನಲ್ಲಿ (ವೈರ್ ಬಂದು ಸೇರುವ ಪ್ಲಗ್), ಕಪ್ಲರ್ ಕಳಚದೆ ಹಿಂದಿನಿಂದ ಪಿನ್ ತಾಗಿಸಿ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ನಷ್ಟ ಆಗುತ್ತಿದೆ. ಬಲ್ಬಿಗೆ ವೋಲ್ಟೇಜ್ 10% ಕಡಿಮೆ ಸಿಕ್ಕರೆ ಬೆಳಕು 10% ಅಲ್ಲ, ಹೆಚ್ಚುಕಮ್ಮಿ 30% ಇಳಿಯುತ್ತದೆ. ಬಣ್ಣವೂ ಹಳದಿಗೆ ತಿರುಗುತ್ತದೆ.

ಅನೇಕ ಹಳೆ ಕಾರುಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟೀರಿಂಗ್ ಹತ್ತಿರದ ಸ್ವಿಚ್ ಮೂಲಕವೇ ಹೋಗುತ್ತದೆ. ಎರಡು 55 ವಾಟ್ ಬಲ್ಬ್ ಅಂದರೆ 9 ಆಂಪಿಯರ್ ಮೇಲೆ. ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟಿರುತ್ತದೆ, ಬಾಡಿ ಅರ್ಥ್ (ಗಾಡಿಯ ಬಾಡಿ ಮೂಲಕ ಕರೆಂಟು ವಾಪಸ್ ಹೋಗುವ ದಾರಿ) ಕೊಟ್ಟ ಬೋಲ್ಟ್ ತುಕ್ಕು ಹಿಡಿದಿರುತ್ತದೆ. ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಎರಡು ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಲ್ಲೇ ಲೈಟಿನ ದೊಡ್ಡ ಕರೆಂಟನ್ನು ಚಾಲೂ ಮಾಡುವ ಪುಟ್ಟ ಪೆಟ್ಟಿಗೆ) ಹಾಕಿಸಿ, ಅರ್ಥ್ ಜಾಗ ಉಜ್ಜಿ ಹೊಸ ವೈರ್ ಕೊಡಿಸಿ. ಎಷ್ಟೋ ಗಾಡಿಗಳ ಕಥೆ ಅಲ್ಲಿಗೇ ಮುಗಿಯುತ್ತದೆ.

ಇಷ್ಟಾದ ಮೇಲೂ ಬೆಳಕು ಬರದಿದ್ದರೆ ಬಲ್ಬ್ ತೆಗೆದು ಆ ತೂತಿನಿಂದ ಸಣ್ಣ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಗೆರೆಗೆರೆ ಇರುವ ಗಾಜಾದರೆ ಮುಂದಿನಿಂದ ಸ್ಪಷ್ಟ ಕಾಣುವುದಿಲ್ಲ, ಹಿಂದಿನ ತೂತಿನಿಂದಲೇ ಒಳಗೆ ಇಣುಕಬೇಕು. ಟಾರ್ಚಿನ ಪ್ರತಿಬಿಂಬ ಚೂಪಾಗಿ ಕಂಡರೆ ರಿಫ್ಲೆಕ್ಟರ್ ಚೆನ್ನಾಗಿದೆ. ಹಾಲು ಬಣ್ಣದ ಮಸುಕು, ಕಂದು ಕಲೆ, ಕಪ್ಪು ಚುಕ್ಕೆ ಕಂಡರೆ ಅದರ ಆಯುಷ್ಯ ಮುಗಿದಿದೆ.

ಬ್ರೈಟ್‌ನಲ್ಲಿ ಪರವಾಗಿಲ್ಲ, ಡಿಮ್ ಮಾಡಿದರೆ ಏನೂ ಕಾಣುವುದಿಲ್ಲ. ಯಾಕೆ?

ಬ್ರೈಟ್, ಡಿಮ್ ಎರಡೂ ಒಂದರಲ್ಲೇ ಇರುವ ಎಚ್4 ಬಲ್ಬ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ (ಗಾಜು ಮುಟ್ಟಬೇಡಿ, ಬುಡ ಹಿಡಿಯಿರಿ). ಒಳಗೆ ಎರಡು ಫಿಲಮೆಂಟ್ ಇರುತ್ತವೆ. ಮುಂದಿನದ್ದರ ಅಡಿಯಲ್ಲಿ ಚಿಕ್ಕ ಲೋಹದ ತೊಟ್ಟಿಲು ಕಾಣುತ್ತದೆ. ಅದು ಡಿಮ್ ಫಿಲಮೆಂಟ್. ಆ ತೊಟ್ಟಿಲು ಕೆಳಗೆ ಹೋಗುವ ಬೆಳಕನ್ನು ತಡೆಯುತ್ತದೆ. ಹಾಗಾಗಿ ಡಿಮ್ ಬೆಳಕು ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ರಸ್ತೆಗೆ ಇಳಿಯುತ್ತದೆ. ಬ್ರೈಟ್ ಫಿಲಮೆಂಟ್‌ಗೆ ಆ ತಡೆ ಇಲ್ಲ, ಅದು ಇಡೀ ಬಟ್ಟಲನ್ನು ಬಳಸುತ್ತದೆ.

ಬಿಸಿಗೆ ಮೊದಲು ಸುಡುವುದೂ ಅದೇ ಮೇಲಿನ ಅರ್ಧ. ಆದ್ದರಿಂದ ಮೊದಲು ಸಾಯುವುದು ಡಿಮ್. ಹೆದ್ದಾರಿ 66ರಲ್ಲಿ ಬ್ರೈಟ್ ಇಳಿಸದೆ ಬರುವವರಿಗೆ ನಾವು ಬೈಯುತ್ತೇವೆ. ಅವರಲ್ಲಿ ಕೆಲವರಿಗೆ ಡಿಮ್ ಇದ್ದೂ ಇಲ್ಲದ ಹಾಗೆ ಆಗಿರುತ್ತದೆ. ಉಳಿದವರಿಗೆ ಬೈಯುವುದು ಸರಿಯೇ.

ಮೆತ್ತನೆ ಬಟ್ಟೆಯಲ್ಲಿ ಒರೆಸಬಹುದಾ? ಮೆಟಲ್ ಪಾಲಿಶ್ ಹಾಕಬಹುದಾ?

ಬೇಡ. ಎರಡೂ ಬೇಡ. ಮನೆಯಲ್ಲಿ ಹಿತ್ತಾಳೆ ದೀಪ ಉಜ್ಜಿದ ಅಭ್ಯಾಸದಲ್ಲಿ ಹುಣಸೆಹುಳಿ, ಸಬೀನ, ಟೂತ್‌ಪೇಸ್ಟ್ ಎಲ್ಲ ಪ್ರಯೋಗ ಮಾಡುವವರಿದ್ದಾರೆ. ದೀಪ ಗಟ್ಟಿ ಹಿತ್ತಾಳೆ, ಉಜ್ಜಿದಷ್ಟೂ ಒಳಗೆ ಹಿತ್ತಾಳೆಯೇ ಸಿಗುತ್ತದೆ. ಇಲ್ಲಿ 0.1 ಮೈಕ್ರಾನ್ ಉಜ್ಜಿದರೆ ಸಿಗುವುದು ಲ್ಯಾಕರ್, ಆಮೇಲೆ ತಗಡು. ಹುಳಿ ಬೇರೆ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಹಳೆ ರಿಫ್ಲೆಕ್ಟರ್‌ಗಳಲ್ಲಿ ಮೇಲಿನ ರಕ್ಷಣಾ ಪದರ ಇಲ್ಲದೆಯೂ ಇರಬಹುದು. ಆಗ ಒಣ ಹತ್ತಿ ಸವರಿದರೂ ಗೀರು ಬೀಳುತ್ತದೆ.

ಬರೀ ಧೂಳು ಕೂತಿದ್ದರೆ ಏನು ಮಾಡುವುದು?

ಮೊದಲು ಗಾಳಿ ಊದಿ, ಹೆಚ್ಚು ಪ್ರೆಶರ್ ಬೇಡ. ಹೋಗದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅದಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಬಲ್ಬ್ ತೆಗೆದು ಒಳಗೆ ಸುರಿದು, ಕೈಯಲ್ಲಿ ಹಿಡಿದು ನಿಧಾನಕ್ಕೆ ಅಲ್ಲಾಡಿಸಿ, ಚೆಲ್ಲಿ. ಮತ್ತೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಎರಡು ಮೂರು ಸಲ ತೊಳೆಯಿರಿ. ಬಾವಿ ನೀರು ಹಾಕಿದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಅದನ್ನು ಒರೆಸಲೂ ಆಗುವುದಿಲ್ಲ. ಬಲ್ಬಿನ ತೂತು ಕೆಳಗೆ ಬರುವಂತೆ ಇಟ್ಟು ನೆರಳಲ್ಲಿ ಪೂರ್ತಿ ಒಣಗಿಸಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಹೋಗಬೇಡಿ, ಒಣಗುವುದೇ ಇಲ್ಲ.

ಕ್ರೋಮ್ ಸ್ಪ್ರೇ ಡಬ್ಬಿ ಸಿಗುತ್ತದೆ. ಹೊಡೆದರೆ ಆಗುವುದಿಲ್ವಾ?

ಹೊಡೆದ ದಿನ ನೋಡಲು ಚೆನ್ನಾಗಿರುತ್ತದೆ. ರಾತ್ರಿ ಗೋಡೆಗೆ ಲೈಟ್ ಬಿಟ್ಟು ನೋಡಿ, ಗೊತ್ತಾಗುತ್ತದೆ. ಸ್ಪ್ರೇ ಬಣ್ಣದಲ್ಲಿರುವುದು ಲೋಹದ ಸಣ್ಣ ಸಣ್ಣ ಚೂರು. ಒಂದೊಂದು ಚೂರೂ ಒಂದೊಂದು ದಿಕ್ಕಿಗೆ ಬೆಳಕು ಎಸೆಯುತ್ತದೆ. ಕನ್ನಡಿಯ ಕೆಲಸ ಬೆಳಕನ್ನು ಬರೀ ಹಿಂದಕ್ಕೆ ಕಳಿಸುವುದಲ್ಲ, ಒಂದೇ ಕಡೆಗೆ ಕಳಿಸುವುದು. ಸ್ಪ್ರೇ ಹೊಡೆದ ಡೂಮ್ ಎದುರಿನವನ ಕಣ್ಣಿಗೆ ಚೆನ್ನಾಗಿ ಕುಕ್ಕುತ್ತದೆ, ರಸ್ತೆಗೆ ಬೆಳಕು ಬೀಳುವುದಿಲ್ಲ. ಬಿಸಿಗೆ ಬಣ್ಣ ಹಳದಿಯಾಗಿ ಅದರ ಆವಿ ಗಾಜಿನ ಒಳಮೈಗೆ ಹಿಡಿದರೆ ಅದೂ ಮಂಕು.

ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದರೆ?

ಊಟದ ಪೊಟ್ಟಣಕ್ಕೆ ಇರಲಿ ಅದು.

ಬುಲೆಟ್ ಸೈಲೆನ್ಸರ್‌ಗೆ ಕ್ರೋಮ್ ಮಾಡುವವರ ಹತ್ತಿರ ಕೊಡಬಹುದಾ? ದೇವಸ್ಥಾನಕ್ಕೆ ಬೆಳ್ಳಿ ಕೆಲಸ ಮಾಡುವವರ ಹತ್ತಿರ?

ಕ್ರೋಮ್ ಗಟ್ಟಿ, ಆದರೆ ಕನ್ನಡಿಯಾಗಿ ಸಾಧಾರಣ. ಮೇಲೆ ಬಿದ್ದ ಬೆಳಕಿನಲ್ಲಿ 65% ಆಸುಪಾಸು ಮಾತ್ರ ವಾಪಸ್ ಕೊಡುತ್ತದೆ. ಒಳ್ಳೆಯ ಅಲ್ಯೂಮಿನಿಯಂ ಲೇಪ 90% ಹತ್ತಿರ ಕೊಡುತ್ತದೆ. ಕಣ್ಣಿಗೆ ಎರಡೂ ಫಳಫಳ ಅಂತಲೇ ಕಾಣುವುದರಿಂದ ಜನ ಮೋಸ ಹೋಗುತ್ತಾರೆ.

ಬೆಳ್ಳಿ ವಿಷಯ ಬೇರೆ. ಬೆಳ್ಳಿ 95% ತನಕ ಕೊಡುತ್ತದೆ. ಬಹಳ ಹಳೆಯ ಕಾಲದ ಹಿತ್ತಾಳೆ ರಿಫ್ಲೆಕ್ಟರ್‌ಗಳಿಗೆ ಬೆಳ್ಳಿಯನ್ನೇ ಹಾಕುತ್ತಿದ್ದರು. ನಿಮ್ಮ ಹತ್ತಿರ ಅಂಥ ವಿಂಟೇಜ್ ಗಾಡಿ ಇದ್ದು, ಬಟ್ಟಲು ಹಿತ್ತಾಳೆಯದ್ದಾದರೆ ಬೆಳ್ಳಿ ಪ್ಲೇಟಿಂಗ್ ಸರಿಯಾದ ದಾರಿಯೇ. ಉಡುಪಿಯಲ್ಲಿ ಬೆಳ್ಳಿ ಕೆಲಸ ಗೊತ್ತಿರುವವರಿಗೆ ಬರ ಇಲ್ಲ. ಆದರೆ ಗಾಳಿಯಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಗಾಜು ಬಿಗಿಯಾಗಿ ಕೂತರೆ ಬಾಳುತ್ತದೆ, ಇಲ್ಲದಿದ್ದರೆ ಪೂಜೆ ತಟ್ಟೆಯ ಗತಿಯೇ. ಪ್ಲಾಸ್ಟಿಕ್ ಬಟ್ಟಲಿಗೆ ಇವೆರಡೂ ಹೊಂದುವುದಿಲ್ಲ.

ಹಾಗಾದರೆ ಸರಿಯಾದ ರಿಪೇರಿ ಯಾವುದು?

ವ್ಯಾಕ್ಯೂಮ್ ಮೆಟಲೈಸಿಂಗ್. ಕಂಪನಿಯಲ್ಲಿ ಮೊದಲ ಸಲ ಹೇಗೆ ಹೊಳಪು ಕೊಟ್ಟರೋ ಅದೇ ವಿಧಾನ.

ಮೊದಲು ಹಳೆ ಲೇಪ ಪೂರ್ತಿ ತೆಗೆಯುತ್ತಾರೆ. ಅಲ್ಯೂಮಿನಿಯಂ ಅನ್ನು ಕಾಸ್ಟಿಕ್ ಸೋಡಾ ಕರಗಿಸುತ್ತದೆ. ಆಮೇಲೆ ತುಕ್ಕು ತೆಗೆದು ನುಣುಪು ಮಾಡಬೇಕು. ಅದರ ಮೇಲೆ ಲ್ಯಾಕರ್ ಹೊಡೆದು ಒವನ್‌ನಲ್ಲಿ ಕಾಯಿಸುತ್ತಾರೆ. ಕೊನೆಯಲ್ಲಿ ಬರುವ ಕನ್ನಡಿ ಈ ಲ್ಯಾಕರ್‌ನಷ್ಟೇ ನುಣುಪು. ಇಲ್ಲಿ ಒಂದು ಧೂಳಿನ ಕಣ ಕೂತರೂ ಕೊನೆಗೆ ಗುಳ್ಳೆಯಾಗಿ ಕಾಣುತ್ತದೆ.

ಆಮೇಲೆ ಬಟ್ಟಲನ್ನು ದೊಡ್ಡ ಡ್ರಮ್ಮಿನಂಥ ಚೇಂಬರ್ ಒಳಗೆ ನೇತುಹಾಕಿ ಗಾಳಿ ಎಳೆಯುತ್ತಾರೆ. ಒಳಗೆ ಟಂಗ್‌ಸ್ಟನ್ ತಂತಿಯ ಸುರುಳಿ, ಅದರಲ್ಲಿ ಅಲ್ಯೂಮಿನಿಯಂ ತುಂಡು. ಕರೆಂಟು ಕೊಟ್ಟಾಗ ಅಲ್ಯೂಮಿನಿಯಂ ಕರಗಿ ಆವಿಯಾಗಿ, ಅಡ್ಡ ಬರಲು ಗಾಳಿ ಇಲ್ಲದ ಕಾರಣ ನೇರ ಬಂದು ಬಟ್ಟಲಿಗೆ ಕೂರುತ್ತದೆ. ಕೆಲವೇ ಸೆಕೆಂಡಿನ ಕೆಲಸ. ಅದರ ಮೇಲೆ ತೆಳು ಟಾಪ್ ಕೋಟ್.

ಕೊಡುವಾಗ ಎರಡು ಮಾತು ಕೇಳಿ. ಒಂದು, ಲ್ಯಾಕರ್ ಎಷ್ಟು ಬಿಸಿ ತಡೆಯುತ್ತದೆ? ಅಲಂಕಾರದ ಸಾಮಾನಿಗೆ ಹಾಕುವ ಲ್ಯಾಕರ್ ಹ್ಯಾಲೊಜನ್ ಬಲ್ಬಿನ ಮುಂದೆ ನಿಲ್ಲುವುದಿಲ್ಲ. ಎರಡು, ಟಾಪ್ ಕೋಟ್ ಬಣ್ಣ ಇಲ್ಲದ್ದೇ ತಾನೇ? ಟ್ರೋಫಿ ಮಾಡುವವರು ಅಭ್ಯಾಸಬಲದಲ್ಲಿ ಚಿನ್ನದ ಬಣ್ಣ ಬೆರೆಸಿಬಿಡುತ್ತಾರೆ.

ಇದನ್ನು ಊರಲ್ಲೇ ಮಾಡಿಸಬಹುದಾ?

ಕಾರಿನ ಗ್ಯಾರೇಜಿನಲ್ಲಿ ಇದು ಆಗುವ ಕೆಲಸ ಅಲ್ಲ. ಕಾಸ್ಮೆಟಿಕ್ ಡಬ್ಬಿಯ ಮುಚ್ಚಳ, ಟ್ರೋಫಿ, ಆಟಿಕೆ ಇಂಥ ಪ್ಲಾಸ್ಟಿಕ್‌ಗೆ ಹೊಳಪು ಕೊಡುವ ಘಟಕಗಳ ಹತ್ತಿರ ಈ ಚೇಂಬರ್ ಇರುತ್ತದೆ. ಬೆಂಗಳೂರಿನಂಥ ದೊಡ್ಡ ಊರಿನ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿ. ಒಂದು ಜೊತೆಗೋಸ್ಕರ ಚೇಂಬರ್ ಓಡಿಸಲು ಅವರಿಗೆ ಮನಸ್ಸಿರುವುದಿಲ್ಲ, ಅವರ ಬೇರೆ ಲಾಟ್ ಜೊತೆ ಸೇರಿಸಿ ಮಾಡಿ ಅಂದರೆ ಒಪ್ಪುತ್ತಾರೆ. ಹಳೆ ಕಾರಿನ ನಾಲ್ಕು ಜನ ಗೆಳೆಯರು ಒಟ್ಟಿಗೆ ಕೊಟ್ಟರೆ ಇನ್ನೂ ಸುಲಭ.

ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ಬಟ್ಟಲಿನ ಒಳಮೈಗೆ ಏನೂ ತಾಗದ ಹಾಗೆ ಪ್ಯಾಕ್ ಮಾಡಿ. ಹೋಗುವಾಗ ಮುಖ್ಯ ಅಲ್ಲ, ಬರುವಾಗ ಮುಖ್ಯ. ಅವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಹೊಸ ಕನ್ನಡಿಯೊಳಗೆ ಪೇಪರ್ ಉಂಡೆ ತುರುಕಿ ಕಳಿಸುತ್ತಾರೆ.

ಅಷ್ಟೆಲ್ಲ ರಗಳೆ ಯಾಕೆ, ಹೊಸ ಡೂಮ್ ಹಾಕಿದರೆ ಆಗುವುದಿಲ್ವಾ?

ಸಿಗುವುದಾದರೆ ಖಂಡಿತ ಹಾಕಿ. ಅಂಬಾಸಿಡರ್, ಪದ್ಮಿನಿ, ಹಳೆ ಜೀಪು, ಬುಲೆಟ್ ಎಲ್ಲದಕ್ಕೂ 7 ಇಂಚಿನ ಗುಂಡು ಡೂಮ್. ಇವತ್ತಿಗೂ ಸ್ಪೇರ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಮೆಟಲೈಸಿಂಗ್ ಮಾಡಿಸುವುದು ಸುಮ್ನೆ ದುಡ್ಡು ದಂಡ. ಮಾರುತಿ 800ಕ್ಕೂ ಸಿಗುತ್ತದೆ, ಆದರೆ ಒರಿಜಿನಲ್ ಯಾವುದು, ಲೋಕಲ್ ಪೀಸ್ ಯಾವುದು ಅಂತ ನೋಡಿ ತಗೊಳ್ಳಿ. ಲೋಕಲ್ ಪೀಸಿನಲ್ಲಿ ಹೊಳಪು ಇರುತ್ತದೆ, ಬಟ್ಟಲಿನ ಆಕಾರ ಸರಿ ಇರುವುದಿಲ್ಲ. ಆಕಾರ ತಪ್ಪಿದರೆ ಗೋಡೆಯ ಮೇಲೆ ಬೆಳಕಿನ ಗೆರೆ ಚೂಪಾಗಿ ಬರುವುದೇ ಇಲ್ಲ.

ಮೆಟಲೈಸಿಂಗ್ ಬೇಕಾಗುವುದು ಡೂಮ್ ಎಲ್ಲೂ ಸಿಗದ ಗಾಡಿಗೆ: ಬೇಗ ನಿಂತುಹೋದ ಮಾಡೆಲ್‌ಗಳು, ಹೊರದೇಶದಿಂದ ಬಂದ ಹಳೆ ಕಾರುಗಳು. ಅದಕ್ಕೆ ಮೊದಲು ಗುಜರಿಯಲ್ಲಿ ಒಮ್ಮೆ ಹುಡುಕಿ. ಇಲ್ಲಿನ ಗುಜರಿಗಿಂತ ಘಟ್ಟದ ಮೇಲಿನ ಗುಜರಿ ವಾಸಿ, ಅಲ್ಲಿ ಉಪ್ಪು ಹತ್ತಿರುವುದಿಲ್ಲ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲೂ ವಿಚಾರಿಸಿ.

ಅಣ್ಣ ದುಬೈಯಲ್ಲಿದ್ದಾನೆ. ಅಲ್ಲಿಂದ ತರಿಸಬಹುದಾ?

ನಮ್ಮ ಕಡೆ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಗಲ್ಫ್‌ನಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ. ಅಲ್ಲಿನ ಡಿಮ್ ಬೆಳಕು ಬಲಬದಿಯಲ್ಲಿ ಮೇಲೆ ಏರುತ್ತದೆ, ಅಲ್ಲಿ ಅದು ರಸ್ತೆ ಅಂಚಿಗೆ ಬೀಳುತ್ತದೆ. ಅದೇ ಡೂಮ್ ಇಲ್ಲಿ ಹಾಕಿದರೆ ಆ ಏರುಬೆಳಕು ಸೀದಾ ಎದುರಿನವನ ಮುಖಕ್ಕೆ. ಯುರೋಪಿನ ಗುರುತು (ವೃತ್ತದೊಳಗೆ E ಅಕ್ಷರ) ಇರುವ ಡೂಮ್ ಆದರೆ ಗಾಜಿನ ಮೇಲೆ ಬಾಣ ಹುಡುಕಿ. ಡೂಮ್ ಎದುರು ನಿಂತು ನೋಡಿದಾಗ ಬಾಣ ನಿಮ್ಮ ಬಲಕ್ಕೆ ತೋರಿಸಿದರೆ ಅದು ಎಡಬದಿ ಸಂಚಾರದ್ದು, ನಮಗೆ ಸರಿ. ಎರಡೂ ಕಡೆ ಬಾಣ ಇದ್ದರೆ ಎರಡಕ್ಕೂ ಆಗುತ್ತದೆ. ಬಾಣವೇ ಇಲ್ಲದಿದ್ದರೆ ಬಲಬದಿಯದ್ದು, ಬೇಡ. ಅಣ್ಣನ ಹತ್ತಿರ ಮೊದಲು ಫೋಟೊ ತರಿಸಿಕೊಳ್ಳಿ.

ಗಾಜು ಬಿಚ್ಚುವುದು ಹೇಗೆ?

ಕೆಲವಕ್ಕೆ ಕ್ಲಿಪ್ ಮತ್ತು ರಬ್ಬರ್ ಬೀಡಿಂಗ್, ಅವು ಸುಲಭ. ಅಂಟಿಸಿದ್ದಾದರೆ ಅಂಟು ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಬ್ಯೂಟೈಲ್ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಹೀಟ್ ಗನ್ ಒಂದೇ ಕಡೆ ಹಿಡಿಯದೆ ಸುತ್ತ ಓಡಿಸುತ್ತಾ, ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಬಿಸಿ ಗಾಜಿಗೆ ತಣ್ಣೀರು ತಾಗಿದರೆ ಒಡೆದೇ ಹೋಗುತ್ತದೆ. ಬಿಸಿಗೂ ಬಗ್ಗದ ಗಟ್ಟಿ ಅಂಟಾದರೆ ಕತ್ತರಿಸಿಯೇ ತೆಗೆಯಬೇಕು, ಅದನ್ನು ಕೈ ಪಳಗಿದವರಿಗೆ ಬಿಡಿ. ಪೂರ್ತಿ ಗಾಜಿನ ಸೀಲ್ಡ್ ಬೀಮ್ ಆದರೆ ಬಿಚ್ಚುವ ಪ್ರಶ್ನೆಯೇ ಇಲ್ಲ, ಇಡೀ ಲೈಟೇ ಒಂದು ಬಲ್ಬ್.

ಮಳೆಗಾಲದಲ್ಲಿ ಒಳಗೆ ಆವಿ ಕಟ್ಟುತ್ತದೆ. ಎಂಸೀಲ್ ಹಾಕಿ ಪೂರ್ತಿ ಮುಚ್ಚಿಬಿಡಲಾ?

ತೆಳು ಮಂಜಿನ ಹಾಗೆ ಕಟ್ಟಿ, ಲೈಟ್ ಹಾಕಿದ ಸ್ವಲ್ಪ ಹೊತ್ತಿಗೆ ಹೋದರೆ ತಲೆಬಿಸಿ ಬೇಡ. ಡೂಮ್ ಉಸಿರಾಡಲೆಂದೇ ಹಿಂದೆ ಸಣ್ಣ ತೂತು ಇಟ್ಟಿರುತ್ತಾರೆ, ಅದನ್ನು ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ನೀರು ಹನಿಯಾಗಿ ಇಳಿದು ತಳದಲ್ಲಿ ನಿಂತರೆ ಮಾತ್ರ ಸೋರಿಕೆ. ಗಾಜಿನ ಸುತ್ತ ಇರುವ ಅಂಟು ನೋಡಿ. ಅದಕ್ಕಿಂತ ಮೊದಲು ಬಲ್ಬಿನ ಹಿಂದಿನ ರಬ್ಬರ್ ಬೂಟ್ ನೋಡಿ. ಬಲ್ಬ್ ಬದಲಾಯಿಸಿದವರು ಅದನ್ನು ವಾಪಸ್ ಹಾಕದೆ ಬಿಟ್ಟಿರುತ್ತಾರೆ. ಆ ದಾರಿಯಲ್ಲಿ ನೀರು ಮಾತ್ರ ಅಲ್ಲ, ಇರುವೆ, ಹಲ್ಲಿ, ಮಣ್ಣಿನ ಗೂಡು ಕಟ್ಟುವ ಕಣಜ ಎಲ್ಲ ಒಳಗೆ ಸಂಸಾರ ಹೂಡುತ್ತವೆ.

ರಿಫ್ಲೆಕ್ಟರ್ ಇರಲಿ, 100/90 ವಾಟ್ ಬಲ್ಬ್ ಹಾಕಿದರೆ ಸಾಕಲ್ವಾ?

ಎಚ್4 ಲೆಕ್ಕ 60/55 ವಾಟ್. ಅದಕ್ಕಿಂತ ಹೆಚ್ಚಿನದ್ದು ಹಾಕಿದರೆ ಹೋಲ್ಡರ್ ಕರಗುತ್ತದೆ, ವೈರ್ ಬಿಸಿಯಾಗುತ್ತದೆ, ಉಳಿದಿದ್ದ ಅಲ್ಪಸ್ವಲ್ಪ ಲೇಪವೂ ಸುಡುತ್ತದೆ. ಕಂದು ಕಲೆ ಬಿದ್ದ ಅನೇಕ ರಿಫ್ಲೆಕ್ಟರ್‌ಗಳ ಹಿಂದೆ ಇಂಥ ಬಲ್ಬ್ ಇರುತ್ತದೆ.

ಎಲ್‌ಇಡಿ?

ಬಟ್ಟಲಿನ ಲೆಕ್ಕಾಚಾರ ಎಲ್ಲ ಫಿಲಮೆಂಟ್ ಇರುವ ಜಾಗದ ಮೇಲೆ ನಿಂತಿದೆ. ಎಲ್‌ಇಡಿ ಚಿಪ್ ಮಿಲಿಮೀಟರ್ ಆಚೀಚೆ ಆದರೂ ಬೆಳಕು ಚೆದುರುತ್ತದೆ. ಕಾರಿನ ಮುಂದೆ ಬಿಳಿ ಬೆಳಕು ಚೆಲ್ಲಿದಂತಾಗಿ ಭಾರೀ ಬೆಳಕು ಅನ್ನಿಸುತ್ತದೆ, ದೂರದ ದನ ಕಾಣುವುದಿಲ್ಲ. ಹ್ಯಾಲೊಜನ್ ಬಿಸಿಗೆ ಗಾಜಿನ ಆವಿ ಆರುತ್ತದೆ, ಎಲ್‌ಇಡಿಯಲ್ಲಿ ಆ ಬಿಸಿ ಮುಂದಕ್ಕೆ ಬರುವುದಿಲ್ಲ. ನಮ್ಮ ಮಳೆಗೆ ಇದೂ ಲೆಕ್ಕಕ್ಕೆ ಬರುತ್ತದೆ. 15 ವರ್ಷ ದಾಟಿದ ಗಾಡಿಯ ಆರ್‌ಸಿ ರಿನ್ಯೂವಲ್‌ಗೆ ಹೋದಾಗ ತಕರಾರು ಬಂದರೆ ಆಶ್ಚರ್ಯ ಬೇಡ.

ಒಂದು ಬದಿ ಮಾತ್ರ ಹೋಗಿದೆ. ಒಂದನ್ನೇ ಮಾಡಿಸಬಹುದಾ?

ಮಾಡಿಸಬಹುದು. ಆದರೆ ಹೊಸದರ ಪಕ್ಕ ಹಳೆಯದು ಇನ್ನಷ್ಟು ಮಂಕು ಕಾಣುತ್ತದೆ. ಜೊತೆಯಾಗಿ ಮಾಡಿಸಿ.

ಎಲ್ಲ ಆದ ಮೇಲೆ ಲೈಟ್ ಸೆಟ್ ಮಾಡುವುದು ಹೇಗೆ?

ಇದನ್ನು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಸಮತಟ್ಟಾದ ನೆಲ, ಎದುರು ಒಂದು ಗೋಡೆ ಬೇಕು. ಮಂಗಳೂರಿನ ಏರುತಗ್ಗಿನಲ್ಲಿ ಸಮ ನೆಲ ಹುಡುಕುವುದೇ ಅರ್ಧ ಕೆಲಸ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಾರ್ಕಿಂಗ್ ಒಳ್ಳೆಯದು. ಟೈರಿಗೆ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಯಾರಾದರೂ ಕೂತಿರಲಿ.

ಗಾಡಿಯನ್ನು ಗೋಡೆ ಹತ್ತಿರ ತಂದು ಎರಡೂ ಲೈಟಿನ ನಡು ಬಿಂದುವನ್ನು ಗೋಡೆಯ ಮೇಲೆ ಟೇಪಿನಲ್ಲಿ ಗುರುತು ಮಾಡಿ. ನೇರ 5 ಮೀಟರ್ ಹಿಂದೆ ಹೋಗಿ. ಡಿಮ್ ಹಾಕಿ. ಬೆಳಕು ಕತ್ತಲೆ ಸೇರುವ ಗೆರೆ ಗುರುತಿಗಿಂತ 5 ಸೆಂಟಿಮೀಟರ್ ಕೆಳಗೆ ಇರಬೇಕು. ಅಂದರೆ 1% ಇಳಿಜಾರು. ಡೂಮ್ ಮೇಲೆಯೇ ಬೇರೆ ಶೇಕಡಾ ಬರೆದಿದ್ದರೆ ಅದನ್ನು ಹಿಡಿಯಿರಿ. ಗೆರೆ ಬಲಕ್ಕೆ ಸಮವಾಗಿದ್ದು, ಲೈಟಿನ ನಡುವಿನಿಂದ ಎಡಕ್ಕೆ ಮೇಲೆ ಏರಬೇಕು. ಒಂದು ಲೈಟಿಗೆ ಬಟ್ಟೆ ಮುಚ್ಚಿ ಇನ್ನೊಂದನ್ನು ಹೊಂದಿಸಿ. ಎಚ್4ನಲ್ಲಿ ಡಿಮ್ ಸರಿ ಮಾಡಿದರೆ ಬ್ರೈಟ್ ತಾನಾಗಿ ಸರಿ ಬರುತ್ತದೆ.

ಗೆರೆಯೇ ಕಾಣದೆ ಬರೀ ಬೆಳಕಿನ ಮುದ್ದೆ ಕಂಡರೆ ಬಲ್ಬ್ ಸರಿಯಾಗಿ ಕೂತಿಲ್ಲ, ಇಲ್ಲವೇ ಬಟ್ಟಲೇ ಸರಿ ಇಲ್ಲ.

ಉಪ್ಪುಗಾಳಿಯಿಂದ ಹೊಸ ರಿಫ್ಲೆಕ್ಟರ್ ಉಳಿಸಿಕೊಳ್ಳುವುದು ಹೇಗೆ?

ಫಿಟ್ ಮಾಡುವ ಮೊದಲೇ ತಗಡಿನ ಬಟ್ಟಲಿನ ಹಿಂಬದಿಗೆ ಪ್ರೈಮರ್, ಮೇಲೆ ಕಪ್ಪು ಪೇಂಟ್. ಒಳಬದಿಗೆ ಒಂದು ಹನಿಯೂ ಹೋಗಬಾರದು. ಕಪ್ಲರ್ ಟರ್ಮಿನಲ್‌ಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ರಬ್ಬರ್ ಬೂಟ್ ಬಿರಿದಿದ್ದರೆ ಹೊಸದು ಹಾಕಿ, ಹೆಚ್ಚು ಖರ್ಚಿಲ್ಲ. ಬೀಚಿಗೆ ಹೋಗಿ ಬಂದ ದಿನ ಮುಂಭಾಗಕ್ಕೆ ಸಿಹಿನೀರು ಹಾಕಿ ತೊಳೆಯಿರಿ, ಪ್ರೆಶರ್ ವಾಷರ್ ಪೈಪನ್ನು ಗಾಜಿನ ಅಂಚಿಗೆ ಹಿಡಿಯಬೇಡಿ. ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದರೆ ಆಗಾಗ ಎಂಜಿನ್ ಚಾಲೂ ಮಾಡಿ ಲೈಟ್ ಹಾಕಿ ಬಿಡಿ, ಒಳಗಿನ ತೇವ ಆರುತ್ತದೆ.

ಬಿಚ್ಚಿದ ಹಳೆ ಒರಿಜಿನಲ್ ಡೂಮ್ ಗುಜರಿಗೆ ಹಾಕಬಹುದಾ?

ಬಟ್ಟಲು ತೂತು ಬಿದ್ದಿದ್ದರೂ ಗಾಜು ಚೆನ್ನಾಗಿದ್ದರೆ ಹಾಕಬೇಡಿ. ಹಳೆ ಗಾಡಿಗಳಿಗೆ ಕಂಪನಿಯ ಗಾಜು ಸಿಗುವುದು ರಿಫ್ಲೆಕ್ಟರ್ ಸಿಗುವುದಕ್ಕಿಂತ ಕಷ್ಟ. ಹೋಲ್ಡರ್ ಕ್ಲಿಪ್, ಅಡ್ಜಸ್ಟ್ ಮಾಡುವ ಸ್ಕ್ರೂ, ಅದರ ಪ್ಲಾಸ್ಟಿಕ್ ನಟ್ಟು ಇವನ್ನೂ ಬಿಚ್ಚಿ ಒಂದು ಡಬ್ಬಿಗೆ ಹಾಕಿ, ಯಾವ ಗಾಡಿಯದ್ದು ಅಂತ ಮೇಲೆ ಬರೆದಿಡಿ.